ಎರಡು ಮುಖದ ಬೆಳ್ಳಿ ನಾಣ್ಯ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹಿಂದೆ ಗುಸುಗುಸು ಅಂತಿರೋರು ಮುಂದಕ್ಕೆ ಬನ್ನಿ, ಇಲ್ಲಾ ಎದ್ದು ಆಚೆ ಹೋಗಿ ಆಡ್ಕೊಳ್ಳಿ. ಇದು ಅರ್ಧ ಕಿವಿಯಲ್ಲಿ ಕೇಳೋ ಕಥೆ ಅಲ್ಲ.

ಬಹಳ ಹಿಂದೆ, ಬಹಳ ದೂರದಲ್ಲಿ, ಹಂಗೇರಿ ಅನ್ನೋ ರಾಜ್ಯದಲ್ಲಿ ಒಬ್ಬ ರಾಜ ಇದ್ದ. ಅವನಿಗೆ ಒಂದು ಟಂಕಸಾಲೆ ಇತ್ತು. ಟಂಕಸಾಲೆ ಅಂದ್ರೆ ನಾಣ್ಯ ಮಾಡೋ ಜಾಗ. ಆ ಕಾಲಕ್ಕೆ ಯಂತ್ರಗಿಂತ್ರ ಎಲ್ಲಿಂದ ಬರಬೇಕು? ಬೆಳ್ಳಿ ಕರಗಿಸಬೇಕು, ತಟ್ಟಿ ತೆಳ್ಳಗೆ ಮಾಡಬೇಕು, ಗುಂಡಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕು. ಆಮೇಲೆ ಒಂದು ದಪ್ಪ ಮರದ ಕೊರಡು. ಕೊರಡಿನಲ್ಲಿ ಹುಗಿದಿಟ್ಟ ಕಬ್ಬಿಣದ ಅಚ್ಚು. ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಇನ್ನೊಂದು ಅಚ್ಚು. ಆ ಮೇಲಿನ ಅಚ್ಚನ್ನ ಒಬ್ಬರು ಮುಷ್ಟಿಯಲ್ಲಿ ಬಿಗಿಯಾಗಿ ಹಿಡೀಬೇಕು, ಇನ್ನೊಬ್ಬರು ಸುತ್ತಿಗೆ ಎತ್ತಿ ಅದರ ತಲೆಗೆ ಎರಡು ಪೆಟ್ಟು ಹಾಕಬೇಕು. ಢಣ್! ಢಣ್! ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಶಿಲುಬೆ. ನಾಣ್ಯ ಆಯ್ತು.

ಸುತ್ತಿಗೆ ಹೊಡೆಯೋನ ಹೆಸರು ಬಾಲಿಂತ್. ಅಚ್ಚು ಹಿಡಿಯೋಳು ಅವನ ಹೆಂಡತಿ ಪಿರೋಷ್ಕಾ. ದಿನಾ ಗಂಡನ ಸುತ್ತಿಗೆ ಕೆಳಗೆ ಕೈ ಇಡೋದು ಅಂದ್ರೆ ಸುಮ್ನೆ ಮಾತೇನ್ರೋ? ಒಂದು ಬೆರಳಷ್ಟು ಆಚೀಚೆ ಆದ್ರೆ ಕೈ ಜಜ್ಜಿಹೋಗುತ್ತೆ. ಅದಕ್ಕೇ ಆ ಟಂಕಸಾಲೇಲಿ ಒಂದು ಪದ್ಧತಿ. ಸುತ್ತಿಗೆ ಎತ್ತೋಕೆ ಮುಂಚೆ ಹೊಡೆಯೋನು ಕೇಳಬೇಕು, ಹಿಡಿದೋರು ಬಾಯಿಬಿಟ್ಟು ಉತ್ತರ ಕೊಡಬೇಕು. ಉತ್ತರ ಬರೋವರೆಗೂ ಸುತ್ತಿಗೆ ಏಳೋ ಹಾಗಿಲ್ಲ.

“ನಂಬಿದೀಯಾ?”

“ನಂಬಿದೀನಿ.”

ಢಣ್! ಢಣ್!

ಬೆಳಗ್ಗೆಯಿಂದ ಸಂಜೆವರೆಗೂ ಇದೇ ಮಾತು, ಇದೇ ಸದ್ದು. ಮದುವೆಯಾದಾಗಿಂದ ಪಿರೋಷ್ಕಾಳ ಕೈಗೆ ಒಂದು ಗೀರೂ ಬಿದ್ದಿರಲಿಲ್ಲ.

ಒಂದೇ ಒಂದು ಸಲ ಎಡವಟ್ಟಾಗಿತ್ತು, ಅದನ್ನೂ ಹೇಳಿಬಿಡ್ತೀನಿ, ಮುಂದಕ್ಕೆ ಬೇಕಾಗುತ್ತೆ. ಬಾಲಿಂತ್ ಹಬ್ಬಕ್ಕೆ ಅಂತ ಹೊಗೆ ಮೇಲೆ ಮಾಂಸದ ತುಂಡೊಂದನ್ನ ಒಣಗಿಸಿಟ್ಟಿದ್ದ. ಪಿರೋಷ್ಕಾ ಅದನ್ನ ತವರಿಂದ ಬಂದ ತಮ್ಮನಿಗೆ ಬಡಿಸಿಬಿಟ್ಟಳು. ಗಂಡ ಕೇಳಿದ್ರೆ, “ಬೆಕ್ಕು ಎತ್ಕೊಂಡು ಹೋಯ್ತು ಕಣಯ್ಯಾ” ಅಂದಳು. ಅವನು ಪಾಪ ನಂಬಿ, ಬೆಕ್ಕಿಗೆ ನಾಲ್ಕು ಬೈದು ಸುಮ್ಮನಾದ. ಆದರೆ ಮಾರನೇ ದಿನ ಕೊರಡಿನ ಮುಂದೆ ಕೂತಾಗ ಪಿರೋಷ್ಕಾಳ ಕೈ ನಿಲ್ಲಲಿಲ್ಲ. ಇವನಿಗೆ ಗೊತ್ತಾಗಿರಬಹುದಾ, ಸಿಟ್ಟಿರಬಹುದಾ ಅಂತ ಒಳಗೊಳಗೇ ಪುಕಪುಕ. ಮೊದಲ ಪೆಟ್ಟಿಗೂ ಎರಡನೇ ಪೆಟ್ಟಿಗೂ ನಡುವೆ ಅಚ್ಚು ಜರುಗಿತು. ತೆಗೆದು ನೋಡಿದ್ರೆ ನಾಣ್ಯದ ಮೇಲೆ ರಾಜನಿಗೆ ಎರಡು ಮುಖ!

ಬಾಲಿಂತ್ ಸುತ್ತಿಗೆ ಕೆಳಗಿಟ್ಟ. “ಏನು ಮಾಡಿದೀಯ ಹೇಳೇ” ಅಂದ.

ಅವಳು ಅತ್ತು ಎಲ್ಲಾ ಹೇಳಿದಳು. ಅವನು ಹೊಟ್ಟೆ ಹಿಡ್ಕೊಂಡು ನಕ್ಕ, ಆಮೇಲೆ ಬೆಕ್ಕಿನ ಹತ್ತಿರ ಹೋಗಿ ಕ್ಷಮೆ ಕೇಳಿದ. ಮತ್ತೆ ಎಂದೂ ಅಚ್ಚು ಜರುಗಲಿಲ್ಲ.

ಈಗ ಕೇಡಿನ ಮಾತಿಗೆ ಬರೋಣ. ಟಂಕಸಾಲೆಗೆ ಒಬ್ಬ ಯಜಮಾನ ಇದ್ದ, ಹೆಸರು ಕೆಲೆಮೆನ್. ನಯವಾದ ಮಾತು, ಎಣ್ಣೆ ಹಚ್ಚಿ ಬಾಚಿದ ಗಡ್ಡ. ಕುಲುಮೆ ಕೋಣೆಯ ಬೀಗದಕೈ ಯಾವಾಗಲೂ ಅವನ ಕೊರಳಲ್ಲೇ. ಬೆಳ್ಳಿ ಕರಗಿಸೋನೂ ಅವನೇ, ಬಿಲ್ಲೆ ಕತ್ತರಿಸಿ ಕೊಡೋನೂ ಅವನೇ. ಒಳಗೆ ಇನ್ನೊಬ್ಬರು ಇಣುಕೋ ಹಾಗಿಲ್ಲ. ಒಳಗೇನು ಮಾಡ್ತಿದ್ದ ಅಂತೀರಾ? ರಾಜನ ಬೆಳ್ಳೀಲಿ ಅರ್ಧ ತನ್ನ ಪೆಟ್ಟಿಗೆಗೆ, ಅದರ ಬದಲು ತಾಮ್ರ ಕುಲುಮೆಗೆ. ಆ ಬಿಲ್ಲೆಗಳನ್ನ ಉಪ್ಪುಹುಳಿ ನೀರಲ್ಲಿ ಕುದಿಸಿದ್ರೆ ಮೇಲೆ ಬೆಳ್ಳಗೆ ಫಳಫಳ ಹೊಳೀತಿದ್ದವು. ಕೈಗೆ ತಗೊಂಡ ಬಾಲಿಂತನಿಗೂ ಗೊತ್ತಾಗಲಿಲ್ಲ, ಪಿರೋಷ್ಕಾಳಿಗೂ ಗೊತ್ತಾಗಲಿಲ್ಲ.

ಆ ರಾಜ್ಯದಲ್ಲಿ ಪ್ರತಿ ವರ್ಷ ಹಳೇ ನಾಣ್ಯ ವಾಪಸ್ಸು ತಗೊಂಡು ಹೊಸದು ಹೊಡೆದು ಕೊಡೋ ರೂಢಿ. ಆ ವರ್ಷದ ಹೊಸ ನಾಣ್ಯ ಪೇಟೆಗೆ ಹೋಯ್ತು. ಕೈಯಿಂದ ಕೈಗೆ, ಜೇಬಿಂದ ಜೇಬಿಗೆ ಓಡಾಡಿತು. ನಾಣ್ಯದಲ್ಲಿ ರಾಜನ ಕೆನ್ನೆ ಉಬ್ಬಿರುತ್ತಲ್ಲ, ಮೊದಲು ಸವೆಯೋದು ಅದೇ. ಸವೆದು ಒಳಗಿನ ತಾಮ್ರ ಕೆಂಪಗೆ ಕಂಡಿತು.

“ಅಯ್ಯಯ್ಯೋ, ನಮ್ಮ ದೊರೆ ಕೆನ್ನೆಗೆ ಯಾರೋ ಬಾರಿಸಿದ್ದಾರೆ ನೋಡ್ರೋ!” ಅಂದ ಉಪ್ಪು ಮಾರೋನು. ಕುದುರೆ ಮಾರೋನು ನಕ್ಕ. ಬಾತುಕೋಳಿ ಮಾರೋ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ನಗು ಬೀದಿ ಹಿಡಿದು ಹೋಗಿ ಅರಮನೆ ಬಾಗಿಲು ತಟ್ಟಿತು.

ರಾಜನಿಗೆ ಮೊದಲೇ ಮೂಗಿನ ತುದೀಲಿ ಕೋಪ. “ಈ ಕೆಲಸ ಮಾಡಿದ ಬಲಗೈ ನನಗೆ ಬೇಕು! ಮಣಿಕಟ್ಟಿಗೆ ಕತ್ತರಿಸಿ!” ಅಂತ ಗುಡುಗಿದ.

ಕೆಲೆಮೆನ್ ಓಡಿಬಂದು ಕಾಲಿಗೆ ಬಿದ್ದ. “ಮಹಾಸ್ವಾಮಿ, ನಾನು ಕೊಟ್ಟಿದ್ದು ಅಪ್ಪಟ ಬೆಳ್ಳಿ ಬಿಲ್ಲೆ. ಆ ಬಾಲಿಂತ್ ಅದನ್ನ ಮನೆಗೆ ಸಾಗಿಸಿ, ಬದಲಿಗೆ ತಾಮ್ರದ್ದು ಹೊಡೆದಿದ್ದಾನೆ. ಅವನ ಮನೆ ಹುಡುಕಿಸಿ” ಅಂದ. ಕಣ್ಣಲ್ಲಿ ನೀರು ಬೇರೆ.

ಸೈನಿಕರು ಹೋದರು. ಹಾಸಿಗೆ ಕೊಡವಿದರು, ಒಲೆಯ ಬೂದಿ ಕೆದಕಿದರು, ಹಿಟ್ಟಿನ ಪೆಟ್ಟಿಗೆ ಮಗುಚಿದರು. ಹಿಟ್ಟಿನೊಳಗಿಂದ ಗಲಗಲ ಅಂತ ತಾಮ್ರದ ಬಿಲ್ಲೆ ಉದುರಿದವು! ಭಾನುವಾರ ಗಂಡಹೆಂಡಿರಿಬ್ಬರೂ ಚರ್ಚಿಗೆ ಹೋಗಿದ್ದಾಗ ಅದನ್ನ ಯಾರು ಇಟ್ಟಿದ್ರು ಅಂತ ನಾನು ಬಿಡಿಸಿ ಹೇಳಬೇಕಾ? ಬಾಲಿಂತನ ಕೈಗೆ ಕೋಳ ಬಿತ್ತು. ಮೂರನೇ ದಿನ ಮಧ್ಯಾಹ್ನ ಅರಮನೆ ಅಂಗಳದಲ್ಲಿ ಅವನ ಬಲಗೈ ಕತ್ತರಿಸೋದು ಅಂತ ತೀರ್ಮಾನವಾಯ್ತು.

ಪಿರೋಷ್ಕಾ ತಲೆ ಮೇಲೆ ಕೈ ಹೊತ್ತು ಕೂರೋ ಹೆಂಗಸಲ್ಲ. ಮೊದಲು ನ್ಯಾಯಾಧೀಶನ ಮನೆಗೆ ಹೋದಳು.

“ಹಿಟ್ಟಿನ ಪೆಟ್ಟಿಗೆ ಯಾರದು?” ಅಂದ ಅವನು.

“ನಮ್ಮದೇ, ಸ್ವಾಮಿ.”

“ಹಾಗಾದ್ರೆ ಬಿಲ್ಲೆನೂ ನಿಮ್ಮದೇ.” ಬಾಗಿಲು ಮುಚ್ಚಿಕೊಂಡ.

ಆಮೇಲೆ ಪಾದ್ರಿ ಹತ್ತಿರ ಹೋದಳು. ಅವನು ಕಣ್ಣು ಮುಚ್ಚಿ, “ದೇವರನ್ನ ಬೇಡ್ಕೋ ಮಗಳೇ, ಕೈ ಇಲ್ಲದವರನ್ನೂ ದೇವರು ಸಾಕ್ತಾನೆ” ಅಂದ. ಆಹಾ, ಏನು ಸಮಾಧಾನ! ಅವಳಿಗೆ ಮೈಯೆಲ್ಲಾ ಉರಿದುಹೋಯ್ತು.

ಮೂರನೇ ಬಾಗಿಲಿಗೆ ಅವಳು ಹೋಗಲೇ ಇಲ್ಲ. ಆ ಬಾಗಿಲೇ ಅವಳ ಮನೆಗೆ ಬಂತು. ಕೆಲೆಮೆನ್ ಬಂದು ಹೊಸ್ತಿಲಲ್ಲಿ ನಿಂತ.

“ನೋಡಮ್ಮಾ ಪಿರೋಷ್ಕಾ, ಆಗಿದ್ದು ಆಗಿಹೋಯ್ತು. ಗಂಡ ಬಿಲ್ಲೆ ಬಚ್ಚಿಡೋದನ್ನ ಕಣ್ಣಾರೆ ನೋಡಿದೆ ಅಂತ ಒಂದು ಮಾತು ಹೇಳಿಬಿಡು. ನಿನಗೇನೂ ಆಗದ ಹಾಗೆ ನಾನು ನೋಡ್ಕೋತೀನಿ. ಅಚ್ಚು ಹಿಡಿಯೋ ಕೆಲಸನೂ ಇರುತ್ತೆ. ಸುತ್ತಿಗೆ ಹೊಡೆಯೋಕೆ ಬೇರೆ ಒಬ್ಬನ್ನ ಕೊಡ್ತೀನಿ.”

ಮಾತು ಬೆಣ್ಣೆ ಇದ್ದಹಾಗಿತ್ತು. ಆದರೆ ಪಿರೋಷ್ಕಾ ಕೇಳ್ತಿದ್ದದ್ದು ಮಾತನ್ನಲ್ಲ. ಅವಳು ನೋಡ್ತಿದ್ದದ್ದು ಅವನ ಬಲಗೈಯನ್ನ. ಅಷ್ಟು ಹೊತ್ತೂ ಅವನು ಅದನ್ನ ಕಂಕುಳಲ್ಲಿ ಒತ್ತಿ ಹಿಡಿದಿದ್ದ, ಒಂದು ಸಲವೂ ಹೊರಗೆ ತೆಗೀಲಿಲ್ಲ. ಪಕ್ಕದಲ್ಲಿ ಗೋಡೆಗೆ ಬಾಲಿಂತನ ಸುತ್ತಿಗೆ ಒರಗಿಸಿತ್ತು. ಅವನ ಕಣ್ಣು ಮತ್ತೆ ಮತ್ತೆ ಆ ಕಡೆಗೇ ಹೋಗ್ತಿತ್ತು. ಅವಳಿಗೆ ತಟ್ಟನೆ ಆ ಮಾಂಸದ ತುಂಡು ಜ್ಞಾಪಕ ಬಂತು, ಬೆಕ್ಕು ಜ್ಞಾಪಕ ಬಂತು, ತನ್ನ ನಡುಗಿದ ಕೈ ಜ್ಞಾಪಕ ಬಂತು.

“ಯೋಚನೆ ಮಾಡಿ ಹೇಳ್ತೀನಿ, ಯಜಮಾನ್ರೇ” ಅಂದಳು. ಅವನು ಹೊರಟಿದ್ದೇ ತಡ, ಸೆರಮನೆ ಕಡೆಗೆ ಓಡಿದಳು.

ಸೆರಮನೆ ಕಿಟಕಿ ನೆಲಮಟ್ಟದಲ್ಲಿತ್ತು. ಮಂಡಿಯೂರಿ ಬಗ್ಗಿ ಗಂಡನಿಗೆ ತಾನು ಮಾಡಬೇಕು ಅಂದ್ಕೊಂಡಿದ್ದನ್ನೆಲ್ಲಾ ಪಿಸುಗುಟ್ಟಿದಳು. ಬಾಲಿಂತ್ ತನ್ನ ಬಲಗೈಯನ್ನೇ ನೋಡ್ತಾ ಕೂತಿದ್ದ.

“ಕೊನೇ ನಾಣ್ಯ ಹೊಡೆಯುವಾಗ ಆ ಕೆಲೆಮೆನ್ ಕೈ ನನ್ನ ಸುತ್ತಿಗೆ ಕೆಳಗೆ ಬರುತ್ತೆ ಅಂತೀಯ” ಅಂದ ಮೆಲ್ಲಗೆ.

“ಬಂದ್ರೆ ಅಚ್ಚಿನ ತಲೆಗೇ ಹೊಡೀಬೇಕು. ನೀನು ಅವನ ಕೈ ಜಜ್ಜಿದ್ರೆ, ಕಳ್ಳ ನೀನೇ ಅಂತ ಊರೆಲ್ಲಾ ಒಪ್ಪಿಬಿಡುತ್ತೆ. ಕೈ ಹೋಗೋದಲ್ಲದೆ ತಲೆನೂ ಹೋಗುತ್ತೆ. ಮಾತು ಕೊಡು.”

ಅವನು ಮಾತು ಕೊಡಲಿಲ್ಲ. “ಅವನ ಮುಖ ಕಂಡ್ರೆ ನನ್ನ ಕೈ ನನ್ನ ಮಾತು ಕೇಳುತ್ತೋ ಇಲ್ವೋ, ನನಗೇ ಗೊತ್ತಿಲ್ಲ ಕಣೇ” ಅಂದು ಗೋಡೆ ಕಡೆಗೆ ತಿರುಗಿಕೊಂಡ. ಕಾವಲಿನವನು ಬಂದು ಅವಳನ್ನ ಎಬ್ಬಿಸಿ ಕಳಿಸಿದ. ಅವಳು ಮನೆಗೆ ಹೋಗಿ ಒಲೆ ಹಚ್ಚಲಿಲ್ಲ, ಅನ್ನ ನೀರು ಮುಟ್ಟಲಿಲ್ಲ.

ಮೂರನೇ ದಿನ ಬಂತು. ಅರಮನೆ ಅಂಗಳದಲ್ಲಿ ಜನವೋ ಜನ. ಟಂಕಸಾಲೆಯ ಅದೇ ಕೊರಡನ್ನ ತಂದು ನಡುವೆ ಇಟ್ಟಿದ್ದರು, ಅದರ ಮೇಲೇ ಕೈ ಕತ್ತರಿಸೋದು. ಪಕ್ಕದಲ್ಲಿ ಕೊಡಲಿ ಹಿಡಿದವನು. ಎತ್ತರದ ಪೀಠದ ಮೇಲೆ ರಾಜ. ರಾಜನ ಪಕ್ಕದಲ್ಲಿ ಎಡಗೈಯಲ್ಲಿ ಗಡ್ಡ ನೀವಿಕೊಳ್ತಾ ಕೂತ ಕೆಲೆಮೆನ್.

ಅಲ್ಲಿ ಇನ್ನೂ ಒಂದು ಪದ್ಧತಿ ಇತ್ತಂತೆ. ಟಂಕಸಾಲೆಯವನ ಕೈ ತೆಗೆಯೋಕೆ ಮುಂಚೆ, ಆ ಕೈ ರಾಜನಿಗೆ ಕೊನೇ ಸಲ ನಾಣ್ಯ ಹೊಡೆದುಕೊಡಬೇಕು. ಅಷ್ಟು ದಿನ ಉಪ್ಪು ತಿಂದ ಕೈ ಅಲ್ವಾ? ಬಾಲಿಂತನ ಕೋಳ ಬಿಚ್ಚಿ ಸುತ್ತಿಗೆ ಕೊಟ್ಟರು.

“ಹಿಡಿಯೋಳು ಬಾರಮ್ಮಾ” ಅಂತ ಕೂಗಿದರು.

ಪಿರೋಷ್ಕಾ ಮುಂದೆ ಬಂದು ನೆಲಕ್ಕೆ ಹಣೆ ಹಚ್ಚಿದಳು. “ಮಹಾಸ್ವಾಮಿ, ಇವತ್ತು ನಾನು ಹಿಡಿಯಲ್ಲ. ನನ್ನ ಗಂಡನ ಕೈ ಬೇಕು ಅಂದವರು ಮೂರು ಜನ ಇದ್ದಾರೆ. ಕತ್ತರಿಸೋರು ಒಬ್ಬರು, ಕತ್ತರಿಸಿ ಅಂದೋರು ಒಬ್ಬರು, ಕತ್ತರಿಸಬೇಕು ಅಂತ ದೂರು ಕೊಟ್ಟೋರು ಒಬ್ಬರು. ಮೂರು ಜನವೂ ಒಂದೊಂದು ಸಲ ಈ ಅಚ್ಚು ಹಿಡೀಲಿ. ನ್ಯಾಯವಾಗಿ ಕೇಳ್ತಿರೋರಿಗೆ ಏನು ಭಯ? ಮೂರು ನಾಣ್ಯ ತಗೊಂಡು ಆಮೇಲೆ ಕೈ ತಗೊಳ್ಳಿ.”

ಕೆಲೆಮೆನ್ ಎದ್ದೇಬಿಟ್ಟ. “ಮಹಾಸ್ವಾಮಿ, ಇದು ಎಲ್ಲಾದ್ರೂ ಉಂಟಾ! ಕೈ ಹೋಗೋನ ಕೈಯಲ್ಲಿ ಸುತ್ತಿಗೆ, ಅದರ ಕೆಳಗೆ ತಮ್ಮ ಕೈಯಾ? ನಾನು ತಮ್ಮ ಹಿತಕ್ಕೆ ಹೇಳ್ತಿದೀನಿ!”

ರಾಜ ಸುತ್ತ ನೋಡಿದ. ಉಪ್ಪು ಮಾರೋನು ನೋಡ್ತಿದ್ದ, ಕುದುರೆ ಮಾರೋನು ನೋಡ್ತಿದ್ದ, ಬಾತುಕೋಳಿ ಅಜ್ಜಿಯೂ ನೋಡ್ತಿದ್ದಳು. ಇವರ ಮುಂದೆ ಹೆದರಿದ ಅನ್ನಿಸ್ಕೊಂಡ್ರೆ ಕೆನ್ನೆ ಮತ್ತಷ್ಟು ಕೆಂಪಾಗುತ್ತೆ. “ಆಗಲಿ” ಅಂದ.

ಮೊದಲು ಕೊಡಲಿಯವನು ಬಂದು ಕೂತ. ಬಿಲ್ಲೆ ಇಟ್ಟು ಅಚ್ಚು ಹಿಡಿದ.

“ನಂಬಿದೀಯಾ?”

“ನಿನಗೂ ನನಗೂ ಏನು ಹಗೆ ಇದೆ ಮಾರಾಯ? ನಾನು ನನ್ನ ಕೆಲಸ ಮಾಡೋನು. ನಂಬಿದೀನಿ.”

ಢಣ್! ಢಣ್! ನಾಣ್ಯ ಬಂತು. ಒಂದೇ ಮುಖ, ಚೊಕ್ಕ ಮುಖ.

ಎರಡನೇ ಸಲ ರಾಜ ಇಳಿದು ಬಂದ. ಉಂಗುರ ತೆಗೆದಿಟ್ಟು, ತೋಳು ಸರಿಸಿ ಅಚ್ಚು ಹಿಡಿದ. ಸೈನಿಕರು ಕತ್ತಿ ಹಿರಿದು ಬಾಲಿಂತನ ಸುತ್ತ ನಿಂತರು.

“ನಂಬಿದೀರಾ, ಮಹಾಸ್ವಾಮಿ?”

ರಾಜ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಬಾಲಿಂತ್ ಕಣ್ಣು ತಪ್ಪಿಸಲಿಲ್ಲ. “ನಂಬಿದೀನಿ” ಅಂದ ರಾಜ.

ಢಣ್! ಢಣ್! ರಾಜನ ಕೈಗೆ ಒಂದು ಸಣ್ಣ ಅದುರು ಬಿಟ್ಟರೆ ಏನೂ ಆಗಲಿಲ್ಲ. ನಾಣ್ಯದಲ್ಲಿ ಒಂದೇ ಮುಖ, ಚೊಕ್ಕ ಮುಖ. ಜನ ‘ಹೋ’ ಅಂತ ಉಸಿರು ಬಿಟ್ಟರು.

ಮೂರನೇ ಸಲ ಕೆಲೆಮೆನ್. ರಾಜನೇ ಕೈ ಇಟ್ಟ ಮೇಲೆ ಒಲ್ಲೆ ಅನ್ನೋಕೆ ದಾರಿ ಎಲ್ಲಿದೆ? ಕಾಲೆಳೆದುಕೊಂಡು ಬಂದ. ಮಂಡಿಯೂರಿದ. ಕಂಕುಳಿಂದ ಕೈ ತೆಗೆದು ಅಚ್ಚು ಹಿಡಿದ. ಬೆವರು ಗಡ್ಡಕ್ಕೆ ಇಳೀತಿತ್ತು.

“ನಂಬಿದೀರಾ, ಯಜಮಾನ್ರೇ?”

ಮಾತಿಲ್ಲ.

“ನಂಬಿದೀರಾ?”

ಮಾತಿಲ್ಲ.

“ಹೇಳಯ್ಯಾ!” ಅಂತ ರಾಜ ಗದರಿದ.

“ನಂ... ನಂಬಿದೀನಿ” ಅಂದ. ಪಕ್ಕದಲ್ಲಿದ್ದ ಕೊಡಲಿಯವನಿಗೇ ಸರಿಯಾಗಿ ಕೇಳಿಸಲಿಲ್ಲ.

ಬಾಲಿಂತ್ ಸುತ್ತಿಗೆ ಎತ್ತಿದ. ಪಿರೋಷ್ಕಾ ಗಂಡನ ಮುಖ ನೋಡಿದಳು. ದವಡೆ ಬಿಗಿದಿತ್ತು, ಕಣ್ಣು ಕೆಂಪಾಗಿತ್ತು. ಮದುವೆಯಾದಾಗಿಂದ ಅಂಥಾ ಮುಖ ಅವಳು ಕಂಡಿರಲಿಲ್ಲ. ಅಯ್ಯೋ, ಹೊಡೆದುಬಿಡ್ತಾನೆ, ನಮ್ಮ ಬಾಳು ಮುಗೀತು ಅಂದ್ಕೊಂಡಳು. ಆಗ ಅವನು ಒಂದು ಕ್ಷಣ ಅವಳ ಕಡೆ ನೋಡಿದ. ಅವಳಿಗೆ ಬೇರೇನೂ ತೋಚಲಿಲ್ಲ. ದಿನಾ ಹೇಳೋ ಮಾತೇ ಬಾಯಿಗೆ ಬಂತು.

“ನಂಬಿದೀನಿ” ಅಂದಳು.

ಢಣ್! ಪೆಟ್ಟು ಅಚ್ಚಿನ ತಲೆಗೇ ಬಿತ್ತು.

ಸುತ್ತಿಗೆ ಮತ್ತೆ ಮೇಲೆ ಹೋಯ್ತು. ಅಷ್ಟೇ ನೋಡಿ, ಕೆಲೆಮೆನ್ ಕೂಗಿಕೊಂಡು ಕೈ ಕಿತ್ತುಕೊಂಡು ಹಿಂದಕ್ಕೆ ಉರುಳಿದ. ಅಚ್ಚು ವಾಲಿತು. ಢಣ್! ಎರಡನೇ ಪೆಟ್ಟೂ ಅಚ್ಚಿನ ತಲೆಗೇ ಬಿತ್ತು. ನಾಣ್ಯ ಹಾರಿ ಹೋಗಿ ರಾಜನ ಕಾಲ ಹತ್ತಿರ ಬಿತ್ತು. ಎತ್ತಿ ನೋಡಿದ್ರೆ ನಾಣ್ಯದಲ್ಲಿ ರಾಜನಿಗೆ ಎರಡು ಮುಖ, ನಾಲ್ಕು ಕಣ್ಣು, ಎರಡು ಕಿರೀಟ!

“ಯಾಕೆ ಕೈ ತೆಗೆದೆ?” ಅಂದ ರಾಜ.

“ಅವನು... ಅವನು ನನ್ನ ಕೈ ಜಜ್ಜಿಬಿಡ್ತಿದ್ದ, ಮಹಾಸ್ವಾಮಿ!”

“ಯಾಕೆ ಜಜ್ಜಬೇಕು? ಕತ್ತರಿಸೋನು ಕೈ ಇಟ್ಟ, ಏನೂ ಆಗಲಿಲ್ಲ. ಕತ್ತರಿಸು ಅಂದೋನು ನಾನು, ನನಗೂ ಏನೂ ಆಗಲಿಲ್ಲ. ನೀನು ಬರೀ ನಿಜ ಹೇಳಿದೋನು. ನಮ್ಮಿಬ್ಬರ ಮೇಲೆ ಇಲ್ಲದ ಸಿಟ್ಟು ನಿನ್ನ ಮೇಲೆ ಯಾಕಿರಬೇಕು?”

ಕೆಲೆಮೆನ್‌ಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಇನ್ನೂ ಸುತ್ತಿಗೆಯನ್ನೇ ನೋಡ್ತಿದ್ದ. “ಇರದೇ ಇರುತ್ತಾ ಸ್ವಾಮಿ? ಹಿಟ್ಟಿನ ಪೆಟ್ಟಿಗೇಲಿ ಬಿಲ್ಲೆ ಇಟ್ಟು ಬಂದೋನ್ನ ಅವನು ಸುಮ್ನೆ ಬಿಡ್ತಾನಾ...” ಅಂದವನು ಗಪ್ಪನೆ ಬಾಯಿ ಮುಚ್ಚಿಕೊಂಡ.

ಮುಚ್ಚಿಕೊಂಡು ಏನು ಬಂತು? ಇಡೀ ಅಂಗಳ ಕೇಳಿಸಿಕೊಂಡಿತ್ತು.

ರಾಜ ಬಗ್ಗಿ ಅವನ ಕೊರಳಿನ ಬೀಗದಕೈಯನ್ನ ಒಂದೇ ಎಳೆತಕ್ಕೆ ಕಿತ್ತುಕೊಂಡ. ಸೈನಿಕರು ಕುಲುಮೆ ಕೋಣೆಗೆ ಓಡಿದರು. ಒಂದು ಮೂಲೇಲಿ ತಾಮ್ರದ ಗಟ್ಟಿ, ಇನ್ನೊಂದು ಮೂಲೇಲಿ ಕದ್ದ ಬೆಳ್ಳಿ ತುಂಬಿದ ಪೆಟ್ಟಿಗೆ. ಎರಡನ್ನೂ ಹೊತ್ತು ತಂದು ಅಂಗಳದಲ್ಲಿ ಸುರಿದರು. ಬಾಲಿಂತನ ಕೈಯಿಂದ ಸುತ್ತಿಗೆ ಜಾರಿತು. ಪಿರೋಷ್ಕಾ ಓಡಿಹೋಗಿ ಆ ಕೈಯನ್ನ ತನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಗೊಳೋ ಅಂತ ಅತ್ತಳು.

“ಇವನ ಕೈ ಇಡ್ರೋ ಕೊರಡಿನ ಮೇಲೆ!” ಅಂದ ರಾಜ. ಕೊಡಲಿಯವನು ಕೊಡಲಿ ಎತ್ತಿಕೊಂಡ.

ಪಿರೋಷ್ಕಾ ಕಣ್ಣೊರೆಸಿಕೊಂಡಳು. “ಬೇಡಿ, ಮಹಾಸ್ವಾಮಿ. ಕೈ ಹೋದ್ರೆ ಒಂದು ಘಳಿಗೆಯ ನೋವು, ಆಮೇಲೆ ಮರೆತುಹೋಗುತ್ತೆ. ನನ್ನ ಗಂಡ ಸೆರಮನೇಲಿ ತನ್ನ ಕೈ ನೋಡ್ಕೊಂಡು ಕೂತಿದ್ನಲ್ಲ, ಆ ಸಂಕಟ ಏನು ಅಂತ ಇವರಿಗೂ ಗೊತ್ತಾಗಲಿ. ನಾನು ಹಿಡೀತಿದ್ದ ಅಚ್ಚನ್ನ ಇವತ್ತಿಂದ ಇವರು ಹಿಡೀಲಿ.”

ರಾಜ ಆ ದಿನ ಮೊದಲನೇ ಸಲ ನಕ್ಕ. ಬೀಗದಕೈ ಪಿರೋಷ್ಕಾಳ ಕೈಗೆ ಹೋಯ್ತು, ಅಚ್ಚು ಕೆಲೆಮೆನ್ ಕೈಗೆ ಹೋಯ್ತು. ಎರಡು ಮುಖದ ಆ ನಾಣ್ಯಕ್ಕೆ ತೂತು ಮಾಡಿ ಟಂಕಸಾಲೆಯ ಬಾಗಿಲಿಗೆ ಮೊಳೆ ಹೊಡೆಸಿದರು.

ಅವತ್ತಿಂದ ದಿನಾ ಬೆಳಗ್ಗೆ ಕೆಲೆಮೆನ್ ಕೊರಡಿನ ಮುಂದೆ ಕೂರಬೇಕು. ಬಾಲಿಂತ್ ಕೇಳೋನು, “ನಂಬಿದೀರಾ?” ಇವನು ಬೆವರಿಕೊಂಡು “ನಂಬಿದೀನಿ” ಅನ್ನೋನು. ಬಾಲಿಂತನ ಸುತ್ತಿಗೆ ಒಂದು ದಿನವೂ ಗುರಿ ತಪ್ಪಲಿಲ್ಲ. ಆದರೂ ಕೆಲೆಮೆನ್‌ಗೆ ಒಂದು ದಿನವೂ ನಂಬಿಕೆ ಬರಲಿಲ್ಲ. ಅವನು ಕೈ ಎಳೆದುಕೊಂಡು ಕೆಡಿಸಿದ ನಾಣ್ಯಗಳನ್ನ ಪಿರೋಷ್ಕಾ ಬೈಕೊಂಡು ಮತ್ತೆ ಕುಲುಮೆಗೆ ಹಾಕೋಳು.

ನೀತಿ ಏನು ಅಂತ ಕೇಳ್ತೀರಾ? ಇಷ್ಟೇ ಕಣ್ರಪ್ಪಾ. ಒಬ್ಬರಿಗೆ ಕೇಡು ಮಾಡಿದೋನು ಆಮೇಲೆ ಅವರನ್ನ ನಂಬೋಕಾಗಲ್ಲ. ಅವರು ಏನೂ ಮಾಡದೆ ಸುಮ್ನೆ ನಿಂತಿದ್ರೂ ಇವನಿಗೆ ಸುತ್ತಿಗೆಯೇ ಕಾಣುತ್ತೆ. ಮೋಸ ಮಾಡಬೇಡಿ. ಮಾಡಿದ್ರೆ ಪಿರೋಷ್ಕಾ ಹಾಗೆ ಅವತ್ತೇ ಒಪ್ಪಿಕೊಂಡು ಅತ್ತುಬಿಡಿ.

ಕಥೆ ಮುಗೀತು. ಈಗ ಎಲ್ಲರೂ ಬಲಗೈ ಮುಂದಕ್ಕೆ ಚಾಚಿ ನೋಡೋಣ. ಅಟ್ಟದ ಮೇಲಿದ್ದ ಚಕ್ಕುಲಿ ಡಬ್ಬ ಬೆಳಗ್ಗೆಯಿಂದ ಅರ್ಧ ಖಾಲಿಯಾಗಿದೆ. ಏ, ಕಂಬದ ಹಿಂದೆ ಕೂತೋನೇ, ನಿನ್ನ ಕೈ ಯಾಕೋ ಕಂಕುಳಲ್ಲಿದೆ?